ಸುರತ್ಕಲ್ ಬೀಚಿನ ಮಕ್ಕಳ ಕಡಲ ನಡಿಗೆ: ಮೊದಲು ಏಡಿ, ಆಮೇಲೆ ಕಸ

ಮಕ್ಕಳಿಗೆ ಪ್ಲಾಸ್ಟಿಕ್ ಬಗ್ಗೆ ಹೇಳಿಕೊಡೋದು ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ಏನು ಮಾಡ್ತಾರೆ? ಗ್ಲೌಸ್ ಕೊಟ್ಟು ಒಂದು ಚೀಲ ಕಸ ಹೆಕ್ಕಿಸಿ, ಬ್ಯಾನರ್ ಹಿಡಿಸಿ ಫೋಟೋ ತೆಗೆಸ್ತಾರೆ. ಮಂಗಳೂರಿನ ಕೆಲವು ಹುಡುಗ ಹುಡುಗಿಯರು ಸುರತ್ಕಲ್‌ನಲ್ಲಿ ಭಾನುವಾರಗಳಂದು ನಡೆಸುವ ಈ ನಡಿಗೆ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಗುವಿಗೆ 250 ರೂಪಾಯಿ, ಜೊತೆಗೆ ಹೋಗುವ ದೊಡ್ಡವರಿಗೆ ಫ್ರೀ. ಸಮಯ ಮಾತ್ರ ಅವರು ಹೇಳಿದ್ದೇ, ಯಾಕೆಂದರೆ ನೀರು ಇಳಿದಾಗಲೇ ಬಂಡೆಗಳ ನಡುವಿನ ಗುಂಡಿಗಳು ಕಾಣೋದು.

ಮೊದಲ ಒಂದು ಗಂಟೆ ಕಸದ ಮಾತೇ ಇಲ್ಲ. ನಡಿಗೆ ನಡೆಸುವ ಅಕ್ಕ ಮಕ್ಕಳನ್ನೆಲ್ಲ ಒಂದು ಗುಂಡಿಯ ಸುತ್ತ ಕುಕ್ಕರಗಾಲಲ್ಲಿ ಕೂರಿಸಿ "ಏನೂ ಮುಟ್ಟಬೇಡಿ, ಸುಮ್ನೆ ನೋಡ್ತಾ ಇರಿ" ಅಂದರು. ಸ್ವಲ್ಪ ಹೊತ್ತಿಗೆ ಅಲ್ಲಿ ಬಿದ್ದಿದ್ದ ಪುಟ್ಟ ಶಂಖಕ್ಕೆ ಕಾಲು ಬಂತು! ಸನ್ಯಾಸಿ ಏಡಿ. ಇದರ ಹಿಂಭಾಗ ಮೆತ್ತಗಿರುತ್ತದೆ, ಖಾಲಿ ಶಂಖವೇ ಅದಕ್ಕೆ ಮನೆ, ಮೈ ಬೆಳೆದ ಹಾಗೆ ದೊಡ್ಡ ಶಂಖ ಹುಡುಕಿಕೊಂಡು ಹೋಗುತ್ತದೆ. ಇಷ್ಟು ಕೇಳಿದ್ದೇ ತಡ, ನನ್ನ ಮಗಳು ಜೇಬಿಗೆ ತುಂಬಿಕೊಂಡಿದ್ದ ಶಂಖಗಳನ್ನೆಲ್ಲ ತೆಗೆದು ಬಂಡೆಯ ಬುಡದಲ್ಲಿಟ್ಟಳು. ಯಾರೂ ಅವಳಿಗೆ ಇಡು ಅಂತ ಹೇಳಿರಲಿಲ್ಲ.

ಆಮೇಲೆ ಕಸ. ಅಲೆ ಬಂದು ನಿಲ್ಲುವ ಗೆರೆಯಲ್ಲಿ ಮರದ ಚೌಕವೊಂದನ್ನು ಇಟ್ಟು, ಅದರೊಳಗೆ ಸಿಕ್ಕಿದ್ದನ್ನು ಮಾತ್ರ ಹೆಕ್ಕಿಸಿದರು. ಥರ್ಮಾಕೋಲ್ ಚೂರು, ಗುಟ್ಕಾ ಸ್ಯಾಶೆ, ಬಾಟಲಿ ಮುಚ್ಚಳ, ಹಾಲಿನ ಪ್ಯಾಕೆಟ್ಟಿನಿಂದ ಕತ್ತರಿಸಿ ಬಿಸಾಡಿದ ಮೂಲೆ. ನಂತರ ಒಂದು ಬಕೆಟ್ ಸಮುದ್ರದ ನೀರಿಗೆ ಮುಚ್ಚಳ ಹಾಕಿದರು, ತೇಲಿತು. ಅದೇ ಬಾಟಲಿಯಿಂದ ಕತ್ತರಿಸಿದ ಚೂರು ಹಾಕಿದರು, ಮುಳುಗಿತು. ಮುಚ್ಚಳದ ಪ್ಲಾಸ್ಟಿಕ್ ಬೇರೆ, ಬಾಟಲಿಯ ಪೆಟ್ ಪ್ಲಾಸ್ಟಿಕ್ ನೀರಿಗಿಂತ ಭಾರ. "ಹಾಗಾದ್ರೆ ಒಡೆದ ಬಾಟಲಿಗಳೆಲ್ಲ ಸಮುದ್ರದ ಅಡೀಲಿ ಇದಾವಾ?" ಅಂತ ಒಬ್ಬ ಹುಡುಗ ಕೇಳಿದ. ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ? ಭಾಷಣ ಕೇಳಿದ ಮಕ್ಕಳಿಂದ ಇಂಥ ಪ್ರಶ್ನೆ ಬರೋದಿಲ್ಲ.

ಈ ಕಸ ಬರೀ ಬೀಚಿಗೆ ಬಂದವರದ್ದಲ್ಲ, ನೇತ್ರಾವತಿಗೋ ಫಲ್ಗುಣಿಗೋ ಮೇಲೆಲ್ಲೋ ಎಸೆದದ್ದೂ ಮಳೆಗಾಲದಲ್ಲಿ ಕಡಲು ಸೇರಿ ಹೀಗೆ ದಡಕ್ಕೆ ಬರುತ್ತದೆ ಅಂತ ಮರಳಿನ ಮೇಲೆ ನಕ್ಷೆ ಬರೆದೇ ತೋರಿಸಿದರು. ಮೀನುಗಾರಿಕೆ ಮಾಡುತ್ತಿದ್ದ ಹಿರಿಯರೊಬ್ಬರೂ ಇದ್ದರು. ಮೊದಲು ಬಲೆ ಹತ್ತಿ ನೂಲಿನದ್ದು, ಕಡಲಿಗೆ ಹೋದರೂ ಕೊಳೆತುಹೋಗುತ್ತಿತ್ತು, ಈಗಿನ ನೈಲಾನ್ ಬಲೆ ಕೊಳೆಯೋದಿಲ್ಲ, ಯಾರೂ ಎಳೆಯದಿದ್ದರೂ ಮೀನು, ಆಮೆ ಎಲ್ಲವನ್ನೂ ಹಿಡಿಯುತ್ತಲೇ ಇರುತ್ತದೆ ಅಂದರು. ಇಲ್ಲೇ ಹತ್ತಿರದ ಸಸಿಹಿತ್ಲುವಿನಲ್ಲಿ 2024ರಲ್ಲಿ ಆಲಿವ್ ರಿಡ್ಲಿ ಕಡಲಾಮೆ ಮೊಟ್ಟೆ ಇಟ್ಟಿದ್ದನ್ನು ಹೇಳಿದಾಗ ಮಕ್ಕಳ ಮುಖ ನೋಡಬೇಕಿತ್ತು.

ಸರಿಯಾಗಬೇಕಾದ್ದೂ ಇದೆ. ಗುಂಪು ದೊಡ್ಡದಾಯ್ತು, ಹಿಂದೆ ನಿಂತವರಿಗೆ ಅಲೆಯ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ. ಸತ್ತ ಆಮೆಯ ಹೊಟ್ಟೆ ಸೀಳಿದ ಫೋಟೋವನ್ನು ಐದಾರು ವರ್ಷದ ಮಕ್ಕಳಿಗೂ ತೋರಿಸಿದರು, ಅದು ಖಂಡಿತ ಬೇಡ, ಒಂದು ಮಗು ಅತ್ತೇ ಬಿಟ್ಟಿತು. ಹೆಕ್ಕಿದ ಕಸ ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಗಾಡಿ ಬರುತ್ತದೆ ಅಂದರಷ್ಟೇ. ಗುಟ್ಕಾ ಸ್ಯಾಶೆಯಲ್ಲಿ ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಪದರ ಅಂಟಿರುತ್ತದೆ, ಗುಜರಿಯವರೂ ಮುಟ್ಟೋದಿಲ್ಲ. ಇದನ್ನು ಮಕ್ಕಳಿಗೆ ಹೇಳಲೇಬೇಕು, ಇಲ್ಲದಿದ್ದರೆ ಹೆಕ್ಕಿದರೆ ಮುಗೀತು ಅಂದುಕೊಂಡು ಮನೆಗೆ ಹೋಗ್ತಾರೆ.

ಎಂಟು ವರ್ಷ ದಾಟಿದ ಮಕ್ಕಳಿದ್ದರೆ ಕಣ್ಣು ಮುಚ್ಚಿ ಕಳಿಸಿ. ಮಳೆಗಾಲದಲ್ಲಿ ನಡಿಗೆ ಇರೋದಿಲ್ಲ. ಹವಾಯಿ ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಸಿ, ಬಂಡೆಗೆ ಅಂಟಿದ ಚಿಪ್ಪುಗಳು ಕಾಲು ಕೊಯ್ಯುತ್ತವೆ. ಕುಡಿಯುವ ನೀರು ಮನೆಯಿಂದಲೇ ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ.