ಫ್ಲಶ್ ಟ್ಯಾಂಕ್ ಸೋರಿಕೆ: ವಾಷರ್ ಸಾಕಾ, ಇಡೀ ಸೆಟ್ ಬೇಕಾ?

ಕಮೋಡಿನೊಳಗೆ ಹಗಲೂ ರಾತ್ರಿ ಸುರ್ ಅಂತ ನೀರು ಇಳಿಯುತ್ತಿದ್ದರೆ ನನ್ನ ಓಟು ವಾಷರ್‌ಗೆ, ಅಂದರೆ ಫ್ಲಶ್ ವಾಲ್ವಿನ ಬುಡದ ರಬ್ಬರ್ ಬಳೆಗೆ. ಅದೂ ಟ್ಯಾಂಕ್ ಮಾಡಿದ ಕಂಪನಿಯದ್ದೇ ವಾಷರ್‌ಗೆ. ಟ್ಯಾಂಕಿನ ಒಳಗಿನ ವಾಲ್ವು, ಬಟನ್ ಎಲ್ಲಾ ಸೇರಿದ ಇಡೀ ಸೆಟ್ ಬದಲಾಯಿಸಿ ನೋಡಿದ್ದೇನೆ, ಇನ್ನೊಂದು ಬಾತ್‌ರೂಮಿಗೆ ಪ್ಲಾಸ್ಟಿಕ್ ಟ್ಯಾಂಕನ್ನೂ ಹಾಕಿಸಿದ್ದೇನೆ. ಆಮೇಲೇ ಈ ಮಾತು.

ನಮ್ಮದು ಬೆಂಗಳೂರಿನಲ್ಲಿ ಬೋರ್‌ವೆಲ್ ನಂಬಿದ ಮನೆ. ಗಡಸು ನೀರಿನ ಬಿಳಿ ಪದರ ವಾಷರ್ ಮೇಲೆ ಕೂತು, ಮೆತ್ತಗಿರಬೇಕಾದ ರಬ್ಬರ್ ಬಿರುಸಾಗುತ್ತದೆ. ಆ ಸಂದಿಯಲ್ಲೇ ನೀರು ಜಾರುವುದು. ಆಂಗಲ್ ಕಾಕ್, ಅಂದರೆ ಟ್ಯಾಂಕಿಗೆ ನೀರು ಬಿಡುವ ಗೋಡೆಯ ನಲ್ಲಿ, ಮುಚ್ಚಿಟ್ಟು ನೋಡಿದೆ. ಟ್ಯಾಂಕಿನಲ್ಲಿದ್ದ 6 ಲೀಟರ್ ಒಂದು ಗಂಟೆಯಲ್ಲಿ ಖಾಲಿ. ದಿನಕ್ಕೆ 144 ಲೀಟರ್ ಆಯ್ತು. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಕೊಡಬೇಕು ಅಂತ ಸರ್ಕಾರದ ಮಾನದಂಡ. ಒಬ್ಬರ ಪಾಲಿಗಿಂತ ಜಾಸ್ತಿ ನೀರು ಸುಮ್ನೆ ಹರಿದು ಹೋಗುತ್ತಿತ್ತು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾದವರಿಗೆ ಇದು ಹೊಟ್ಟೆ ಉರಿಯುವ ಲೆಕ್ಕ ಅಲ್ವಾ?

ಏನಾದರೂ ಕೊಳ್ಳುವ ಮೊದಲು ಎಲ್ಲಿ ಸೋರುತ್ತಿದೆ ಅಂತ ನೋಡಿ. ಕೇಸರಿಬಾತ್‌ಗೆ ಹಾಕುವ ಬಣ್ಣ ಒಂದು ಚಿಟಿಕೆ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡಬೇಡಿ. ನೀರು ಟ್ಯಾಂಕಿನೊಳಗೆ ನೆಟ್ಟಗೆ ನಿಂತಿರುವ ಓವರ್‌ಫ್ಲೋ ಪೈಪಿನ ಬಾಯಿ ಮುಟ್ಟದೆಯೂ ಕಮೋಡಿನಲ್ಲಿ ಬಣ್ಣ ಕಂಡರೆ ವಾಷರ್ ಹೋಗಿದೆ. ಬಾಯಿ ದಾಟಿ ಬೀಳುತ್ತಿದ್ದರೆ ತಪ್ಪು ನೀರು ತುಂಬುವ ವಾಲ್ವಿನದು. ಅದರ ಫ್ಲೋಟ್ ಸ್ವಲ್ಪ ಕೆಳಗಿಳಿಸಿದರೆ ಎಷ್ಟೋ ಸಲ ಅಷ್ಟರಲ್ಲೇ ನಿಲ್ಲುತ್ತದೆ.

ಈಗ ಇಡೀ ಸೆಟ್ಟಿನ ಕಥೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಲಾ ಟ್ಯಾಂಕಿಗೂ ಆಗುತ್ತೆ ಅಂತ ಕೊಟ್ಟ ಸೆಟ್, ಸುಮಾರು 800 ರೂಪಾಯಿ. ಅದನ್ನು ಕೂರಿಸಲು ಟ್ಯಾಂಕನ್ನೇ ಕಮೋಡಿನಿಂದ ಎತ್ತಬೇಕು. ಕೆಳಗಿನ ಎರಡೂ ಬೋಲ್ಟು ತುಕ್ಕು ಹಿಡಿದಿದ್ದವು. ಪ್ಲಂಬರ್ ಆಕ್ಸಾ ಬ್ಲೇಡಿನಲ್ಲಿ ಕೊಯ್ದು ಬಿಡಿಸಿದರು. ಕೂಲಿ ಬೇರೆ.

ಅದಾದರೂ ಸರಿ. ನನ್ನನ್ನು ಕಾಡಿದ್ದು ಬಟನ್. ಮುಚ್ಚಳ ತೆಗೆದಿಟ್ಟರೆ ನೀರು ನಿಲ್ಲುತ್ತಿತ್ತು, ಮುಚ್ಚಿದ ಕೂಡಲೇ ಮತ್ತೆ ಸುರ್. ಬಗ್ಗಿ ನೋಡಿದರೆ ಬಟನ್ ಕೆಳಗಿನ ಎರಡು ಪ್ಲಾಸ್ಟಿಕ್ ಕಡ್ಡಿಗಳು ನಮ್ಮ ಟ್ಯಾಂಕಿನ ಎತ್ತರಕ್ಕೆ ಒಂದು ಕೂದಲಷ್ಟು ಉದ್ದ. ಮುಚ್ಚಳದ ಭಾರಕ್ಕೆ ಕಡ್ಡಿ ವಾಲ್ವನ್ನು ಸದಾ ಒತ್ತಿ ಹಿಡಿಯುತ್ತಿತ್ತು. ವಾಲ್ವ್ ಪೂರ್ತಿ ಕೂರುತ್ತಲೇ ಇರಲಿಲ್ಲ. ಕಡ್ಡಿ ತಿರುಗಿಸಿ ಗಿಡ್ಡ ಮಾಡಿದರೆ ದೊಡ್ಡ ಫ್ಲಶ್ ಕೆಲಸ ಮಾಡುತ್ತಿತ್ತು, ಸಣ್ಣದು ಒತ್ತಿದರೂ ಏನೂ ಆಗುತ್ತಿರಲಿಲ್ಲ. ಇನ್ನೊಂದು ಸುತ್ತು ಬಿಟ್ಟರೆ ಮತ್ತೆ ಸೋರಿಕೆ. ಎರಡು ಬಟನ್ನೂ ಒಟ್ಟಿಗೆ ಸರಿ ಬಂದದ್ದೇ ಇಲ್ಲ. ಮನೆಗೆ ಬಂದವರಿಗೆಲ್ಲ ‘ದೊಡ್ಡದನ್ನೇ ಒತ್ತಿ’ ಅಂತ ಹೇಳಬೇಕಾಯಿತು. 3 ಲೀಟರ್ ಸಾಕಾಗುವ ಕಡೆ 6 ಲೀಟರ್ ಖರ್ಚು. ನೀರು ಉಳಿಸಲು ಹಾಕಿಸಿದ ಸೆಟ್ಟಿನಿಂದ ಇದನ್ನು ಸಹಿಸಲು ನನಗೆ ಆಗಲಿಲ್ಲ.

ಕೊನೆಗೆ ಎತ್ತಿಟ್ಟಿದ್ದ ಹಳೇ ವಾಲ್ವನ್ನೇ ಮತ್ತೆ ಹಾಕಿಸಿ, ಕಂಪನಿಯ ವಾಷರ್ ತರಿಸಿದೆ. ನೂರು ರೂಪಾಯಿಯೊಳಗೆ ಬಂತು. ಈಗ ವಾಷರ್ ಬದಲಾಯಿಸಲು ಟ್ಯಾಂಕ್ ಎತ್ತುವುದೇ ಬೇಡ. ಆಂಗಲ್ ಕಾಕ್ ಮುಚ್ಚಿ, ಫ್ಲಶ್ ಮಾಡಿ, ನಡುವಿನ ವಾಲ್ವನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಕೈಗೆ ಬರುತ್ತದೆ. ವಾಷರ್ ಅದರ ಬುಡದಲ್ಲೇ ಇರುತ್ತದೆ. ಹೊಸದು ಹಾಕುವ ಮುಂಚೆ ಅದು ಕೂರುವ ಅಂಚನ್ನು ನಿಂಬೆಸಿಪ್ಪೆಯಲ್ಲಿ ತಿಕ್ಕಿ. ಬೆರಳಾಡಿಸಿದರೆ ನುಣ್ಣಗಿರಬೇಕು. ಬಿಳಿ ಪದರ ಉಳಿದರೆ ಹೊಸ ವಾಷರೂ ಸೋರುತ್ತದೆ. ಅಳತೆ ಬಾಯಲ್ಲಿ ಹೇಳಬೇಡಿ, ಹಳೇದನ್ನೇ ಅಂಗಡಿಗೆ ಒಯ್ಯಿರಿ.

ಹಳೇ ವಾಷರನ್ನೇ ಮಗುಚಿ ಹಾಕುವುದೂ ಉಂಟು. ತಾತ್ಕಾಲಿಕಕ್ಕೆ ಪರವಾಗಿಲ್ಲ.

ಗೋಡೆಗೆ ಹಾಕುವ ಪ್ಲಾಸ್ಟಿಕ್ ಟ್ಯಾಂಕ್ ಅಗ್ಗ, ರಿಪೇರಿ ಸುಲಭ. ನಮ್ಮಲ್ಲಿ ನೀರಿನ ರಭಸ ಸಾಲಲಿಲ್ಲ.

ನನಗೆ ಪ್ಲಂಬರ್‌ಗೆ ಕಾಯುವುದು ಕಷ್ಟ, ಸ್ಪ್ಯಾನರ್ ಹಿಡಿಯುವುದು ಇಷ್ಟ. ಹಾಗಾಗಿ ಒಂದು ವಾಷರ್ ಯಾವಾಗಲೂ ಮನೆಯಲ್ಲಿ ಇಟ್ಟಿರುತ್ತೇನೆ. ವಾಲ್ವಿನ ಪ್ಲಾಸ್ಟಿಕ್ ಬುಡವೇ ಸೀಳಿದ್ದರೆ ಮಾತ್ರ ಸೆಟ್ ತಗೊಳ್ಳಿ. ಆಗಲೂ ಟ್ಯಾಂಕಿನ ಒಳಗಿನ ಎತ್ತರ ಅಳೆದುಕೊಂಡೇ ಅಂಗಡಿಗೆ ಹೋಗಿ.