ಅಂಟುವಾಳ, ಬಾರ್ ಸೋಪು, ಬೇಬಿ ಲಿಕ್ವಿಡ್: ಮಗಳ ಬಟ್ಟೆಗೆ ಯಾವುದು ಒಗ್ಗಿತು

ಬಾಣಂತನಕ್ಕೆ ಮೂರು ತಿಂಗಳು ತೀರ್ಥಹಳ್ಳಿಯ ಅಮ್ಮನ ಮನೆಯಲ್ಲಿದ್ದೆ. ಅಲ್ಲಿದ್ದಷ್ಟು ದಿನ ಮಗಳ ಮೈ ಬೆಣ್ಣೆಯ ಹಾಗಿತ್ತು. ಬೆಂಗಳೂರಿಗೆ ಬಂದು ಎರಡು ವಾರವಾಗಿತ್ತಷ್ಟೇ. ಕುತ್ತಿಗೆಯ ಹಿಂದೆ, ಮೊಣಕೈ ಮಡಿಕೆಯಲ್ಲಿ, ಸೊಂಟದ ಇಲಾಸ್ಟಿಕ್ ಕೂರುವ ಜಾಗದಲ್ಲಿ ಕೆಂಪು ಗುಳ್ಳೆ ಎದ್ದವು. ಮಕ್ಕಳ ಡಾಕ್ಟರು ಹಚ್ಚಲು ಕ್ರೀಮ್ ಬರೆದುಕೊಟ್ಟು, 'ಬಟ್ಟೆ ಯಾವುದರಲ್ಲಿ ಒಗೀತೀರಿ, ಅದನ್ನೂ ಸ್ವಲ್ಪ ನೋಡಿಕೊಳ್ಳಿ' ಎಂದರು. ಅವತ್ತಿನಿಂದ ಒಂದೊಂದನ್ನೇ ಎರಡು ಮೂರು ವಾರ ಹಾಕಿ ನೋಡುತ್ತಾ ಬಂದೆ.

ಮೊದಲು ಮನೆಮಂದಿಗೆಲ್ಲ ಬಳಸುವ ವಾಷಿಂಗ್ ಪೌಡರ್. ಹಾಲಿನ ಕಲೆ, ಕಕ್ಕದ ಕಲೆ ಇದರಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ಹೋಗಲಿಲ್ಲ. ಅದರಲ್ಲಿರುವ ಕಿಣ್ವಗಳ ಕೆಲಸ ಅದು. ಆದರೆ ಒಣಗಿದ ಜಬಲಾವನ್ನು ಮೂಗಿಗೆ ಹಿಡಿದರೆ ಪರಿಮಳ ಹಾಗೇ ಇರುತ್ತಿತ್ತು. ಪರಿಮಳ ಉಳಿದಿದೆ ಅಂದರೆ ಪೌಡರಿನ ಅಂಶವೂ ಉಳಿದಿದೆ ಅಂತಲೇ ಅಲ್ವಾ? ಬಟ್ಟೆ ಬೆಳ್ಳಗೆ ಹೊಳೆಯಲಿ ಅಂತ ಹಾಕುವ ಬ್ರೈಟನರ್ ಅಂತೂ ನೂಲಿನಲ್ಲಿ ಕೂತರೇನೇ ಕೆಲಸ ಮಾಡುವುದು. ಪೌಡರ್ ಬಿಟ್ಟ ಹತ್ತು ದಿನಕ್ಕೆ ಗುಳ್ಳೆ ಅರ್ಧ ಇಳಿಯಿತು.

ಆಮೇಲೆ ಬಾರ್ ಸೋಪು. ಅಮ್ಮ ಮೂರು ತಿಂಗಳೂ ಒಗೆದದ್ದು ಅದರಲ್ಲೇ. ಅದೇ ಸೋಪನ್ನು ತರಿಸಿ ನಮ್ಮ ಬಾತ್‌ರೂಮಿನಲ್ಲಿ ಒಗೆದೆ. ಲಂಗೋಟಗಳು ಹಪ್ಪಳದಂತೆ ಬಿರುಸಾದವು. ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಕೆನೆ ಅಂಟಿತ್ತು. ಆಗ ಸೋಪಿನ ಮೇಲಿದ್ದ ಅನುಮಾನ ನೀರಿನ ಕಡೆ ತಿರುಗಿತು. ಅಪಾರ್ಟ್‌ಮೆಂಟಿನ ನೀರಿನ ವರದಿ ಕೇಳಿ ತೆಗೆಸಿ ನೋಡಿದೆ. ಬೋರ್‌ವೆಲ್ ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಂ ದಾಟಿತ್ತು. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಹೇಳುವುದು 200. ಬೇರೆ ನೀರು ಸಿಗದಿದ್ದರೆ ಮಾತ್ರ 600ರವರೆಗೆ ನಡೆಯುತ್ತದೆ. ಇಂಥ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಗಸಿಯಾಗುತ್ತದೆ. ಎಷ್ಟು ಜಾಲಿಸಿದರೂ ಅದು ನೂಲು ಬಿಡುವುದಿಲ್ಲ. ಮಗುವಿನ ಮೈಗೆ ಉಜ್ಜುತ್ತಿದ್ದದ್ದು ಅದೇ. ನಿಮ್ಮ ಮನೆಯ ನೀರನ್ನೂ ಹೀಗೆ ನೋಡಿ: ಬಾಟಲಿಯಲ್ಲಿ ನೀರು ಹಾಕಿ, ಸೋಪಿನ ಚೂರು ತುರಿದು ಕುಲುಕಿ. ನೊರೆ ಬಾರದೆ ನೀರು ಹಾಲಿನಂತೆ ಕದಡಿದರೆ ಅದು ಗಡಸು ನೀರು. ಅಮ್ಮನ ಬಾವಿಯ ನೀರಿಗೆ ಒಂದು ಉಗುರಿನಷ್ಟು ಸೋಪು ಸಾಕು, ಬಾಟಲಿ ತುಂಬ ನೊರೆ.

ಅತ್ತೆ ಹೇಳಿದ್ದು ಅಂಟುವಾಳ. ಏಳೆಂಟು ಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸುತ್ತಿದ್ದೆ. ಮೈಗೆ ಬಹಳ ಹಿತ. ಬಟ್ಟೆ ಮೆತ್ತಗಿತ್ತು, ವಾಸನೆಯೂ ಇರಲಿಲ್ಲ. ನನಗೆ ಮನಸ್ಸಿಗೆ ಹಿಡಿಸಿದ್ದು ಇದೇ. ಆದರೆ ಎಣ್ಣೆಸ್ನಾನದ ದಿನದ ಬಟ್ಟೆಗೆ ಇದು ಸಾಲಲಿಲ್ಲ. ಕೊಬ್ಬರಿ ಎಣ್ಣೆಯ ಜಿಡ್ಡು ಉಳಿದು ವಾರದಲ್ಲಿ ಕಮಟು ವಾಸನೆ ಶುರುವಾಯಿತು. ಬಿಳಿ ಕುಲಾವಿ ಹಳದಿಗೆ ತಿರುಗಿತು. ಸೋಸಿದ ನೀರು ಎರಡೇ ದಿನಕ್ಕೆ ಹುಳಿ ಬರುತ್ತದೆ. ಕಣ್ಣಿಗೆ ಹಾರಿದರೆ ಚೆನ್ನಾಗಿ ಉರಿಯುತ್ತದೆ, ಮಗುವನ್ನು ಹತ್ತಿರ ಬಿಡಬೇಡಿ.

ಕೊನೆಗೆ ಪರಿಮಳವಿಲ್ಲದ ಬೇಬಿ ಲಿಕ್ವಿಡ್. ಪೌಡರಿಗಿಂತ ಬೆಲೆ ಜಾಸ್ತಿ. ಮೇಲೆ 'ಬೇಬಿ' ಅಂತ ಬರೆದಿದ್ದರೆ ಸಾಲದು, ಹಿಂದಿನ ಚೀಟಿಯಲ್ಲಿ ಪರಿಮಳ ಇದೆಯಾ ನೋಡಬೇಕು. ನಾನು ತಂದ ಮೊದಲನೆಯ ಬಾಟಲಿ ಮುಚ್ಚಳ ತೆಗೆದರೆ ಘಮ್ ಅನ್ನುತ್ತಿತ್ತು. ಗಡಸು ನೀರಿನಲ್ಲೂ ಇದು ಗಸಿ ಕಟ್ಟಲಿಲ್ಲ. ಕಲೆ ತೆಗೆಯುವುದರಲ್ಲಿ ಪೌಡರಿಗಿಂತ ಹಿಂದೆ. ಹಾಗಾಗಿ ಕಕ್ಕದ ಬಟ್ಟೆಯನ್ನು ತಕ್ಷಣ ತಣ್ಣೀರಿನಲ್ಲಿ ತೊಳೆದಿಡುತ್ತೇನೆ. ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ.

ಈಗ ನಡೆಯುತ್ತಿರುವುದು ಹೀಗೆ. ಬಾಟಲಿಯ ಮೇಲೆ ಬರೆದದ್ದಕ್ಕಿಂತ ಸ್ವಲ್ಪ ಕಡಿಮೆ ಲಿಕ್ವಿಡ್, ಎರಡು ಸಲ ಜಾಲಿಸುವುದು. ನಮ್ಮಲ್ಲಿ ಅಡುಗೆಮನೆಯ ನಲ್ಲಿಗೆ ಮಾತ್ರ ಕಾವೇರಿ ನೀರು ಬರುತ್ತದೆ. ಕೊನೆಯ ಬಕೆಟ್ ಅಲ್ಲಿಂದ ಹೊತ್ತು ತರುತ್ತೇನೆ. ಗುಳ್ಳೆ ಪೂರ್ತಿ ಇಳಿದದ್ದು ಆ ಬಕೆಟ್ ಶುರುವಾದ ಮೇಲೆ. ಬಟ್ಟೆ ಮೆತ್ತಗಾಗಲಿ ಅಂತ ಕೊನೆಗೆ ಹಾಕುವ ಕಂಫರ್ಟರ್, ಆಂಟಿಸೆಪ್ಟಿಕ್ ದ್ರಾವಣ ಎರಡನ್ನೂ ಸುಮ್ನೆ ಬಿಟ್ಟುಬಿಟ್ಟೆ. ಕಂಫರ್ಟರ್ ಹಾಕಿದ ಲಂಗೋಟ ಉಚ್ಚೆ ಹೀರುವುದೂ ಕಡಿಮೆ.

ಒಂದು ಮಾತು ಹೇಳಲೇಬೇಕು. ಟ್ರಂಕಿನಲ್ಲಿಟ್ಟ ಹಳೇ ಬಟ್ಟೆ ತೆಗೆದು ಕೂಸಿಗೆ ಹಾಕುವ ಪದ್ಧತಿ ನಮ್ಮಲ್ಲಿದೆ. ಅದರ ಜೊತೆ ನುಸಿಗುಳಿಗೆ ಇಟ್ಟಿದ್ದರೆ ಆ ಬಟ್ಟೆ ಬೇಡವೇ ಬೇಡ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಗುವಿಗೆ ಆ ಗುಳಿಗೆಯ ನಾಫ್ತಲೀನ್‌ನಿಂದ ಕೆಂಪು ರಕ್ತಕಣಗಳು ಒಡೆದು, ಕಾಮಾಲೆ ವಿಪರೀತಕ್ಕೆ ಹೋಗಬಹುದು. ಕೊರತೆ ಇದೆ ಅಂತ ಮೊದಲೇ ಗೊತ್ತಿರುವವರು ಕಡಿಮೆ.

ಮುಂದಿನ ವಾರ ಅಮ್ಮನ ಮನೆಗೆ ಹೊರಟಿದ್ದೇವೆ. ಲಿಕ್ವಿಡ್ ಬಾಟಲಿ ಇಲ್ಲೇ ಇರಲಿ. ಆ ಬಾವಿ ನೀರಿಗೆ ಬಾರ್ ಸೋಪೇ ಸಾಕು.