ಫೋನ್ ಜೇಬಿರುವ ಸ್ಪೋರ್ಟ್ಸ್ ಬ್ರಾ: ಖಾಲಿ ಜೇಬು ನೋಡಿ ಕೊಳ್ಳಬೇಡಿ

ಓಡುವ ಹೆಂಗಸರಿಗೆ ಸಾಮಾನು ಇಡಲು ಜಾಗವೇ ಇರುವುದಿಲ್ಲ. ಲೆಗಿಂಗ್ಸ್ ಜೇಬಿನಲ್ಲಿ ಒಂದು ಕೀ ಹಿಡಿಸಿದರೆ ಅದೇ ಜಾಸ್ತಿ. ಫೋನನ್ನು ಕೈಯಲ್ಲಿ ಹಿಡಿದು ಓಡಿದರೆ ಆ ಕಡೆಯ ಭುಜ ಬಿಗಿಯುತ್ತದೆ. ಸೊಂಟದ ಬೆಲ್ಟ್ ಮೇಲೇರುತ್ತದೆ, ತೋಳಿನ ಪಟ್ಟಿ ಕೆಳಗೆ ಜಾರುತ್ತದೆ. ಹಾಗಂತ ಫೋನ್ ಬಿಟ್ಟು ಹೋಗುವುದಕ್ಕೂ ಆಗುವುದಿಲ್ಲ. ಬೆಳಗಿನ ಕತ್ತಲಲ್ಲಿ ಒಬ್ಬಳೇ ಓಡುವವಳಿಗೆ ಅದು ಬೇಕೇ ಬೇಕು. ಹೀಗಿರುವಾಗ ಬ್ರಾದಲ್ಲೇ ಜೇಬು ಇದೆ ಅಂದರೆ ಯಾರಿಗೆ ಇಷ್ಟ ಆಗಲ್ಲ ಹೇಳಿ?

ನನಗೂ ಇಷ್ಟವಾಗಿಯೇ ತೆಗೆದುಕೊಂಡೆ. ಎರಡು ಹೆಗಲ ಮೂಳೆಗಳ ನಡುವೆ, ಬೆನ್ನಿನ ಮೇಲೆ ಒಂದು ದೊಡ್ಡ ಜೇಬು. ಮೇಲಿನಿಂದ ತೆರೆದಿತ್ತು, ಝಿಪ್ ಇರಲಿಲ್ಲ. ಮಾರುವವರ ವಿವರಣೆಯಲ್ಲಿ ಎಲ್ಲ ಫೋನ್‌ಗಳೂ ಹಿಡಿಸುತ್ತವೆ, ಒಂಚೂರೂ ಅಲುಗಾಡುವುದಿಲ್ಲ, ಬೆವರು ತಾಗುವುದಿಲ್ಲ ಎಂದು ಬರೆದಿತ್ತು. ಚಿತ್ರದಲ್ಲಿದ್ದ ಹುಡುಗಿ ಸುಮ್ನೆ ನಿಂತಿದ್ದಳು, ಫೋನ್ ಬೆನ್ನಿಗೆ ಅಂಟಿಕೊಂಡು ಕೂತಿತ್ತು. ನಿಂತಾಗ ನನ್ನ ಬೆನ್ನಿಗೂ ಹಾಗೆಯೇ ಕೂತಿತು. ಚಿಕ್ಕ ಓಟಗಳಲ್ಲಿ ದೊಡ್ಡ ತೊಂದರೆಯೇನೂ ಕಾಣಲಿಲ್ಲ.

ತೊಂದರೆ ಕಂಡಿದ್ದು ಬೇಸಿಗೆಯ ಒಂದು ಉದ್ದದ ಓಟದಲ್ಲಿ. ಅರ್ಧ ದಾರಿ ಹೋಗುವಷ್ಟರಲ್ಲಿ ಬ್ರಾ ಬೆವರಿನಿಂದ ತೊಯ್ದು ಹೋಗಿತ್ತು. ಒದ್ದೆಯಾದ ಬಟ್ಟೆ ಸಡಿಲವಾಯಿತು. ಫೋನ್ ಪ್ರತಿ ಹೆಜ್ಜೆಗೂ ಬೆನ್ನಿಗೆ ಬಡಿಯತೊಡಗಿತು. ಅದರ ಭಾರಕ್ಕೆ ಭುಜದ ಪಟ್ಟಿಗಳು ಹಿಂದಕ್ಕೆ ಎಳೆದವು. ಎದೆಯ ಕೆಳಗಿನ ಅಗಲ ಪಟ್ಟಿ ಇದ್ದಲ್ಲಿ ನಿಲ್ಲದೆ ಸರಿದಾಡಿತು. ಎದೆ ಕುಲುಕುವುದು ನನಗೇ ಗೊತ್ತಾಗುತ್ತಿತ್ತು. ಕೊನೆಗೆ ಕಾಲು ಹೊರಳಿ, ಕುಂಟುತ್ತಾ ದಾರಿ ಬದಿಗೆ ಬಂದು, ಮನೆಗೆ ಫೋನ್ ಮಾಡೋಣ ಅಂತ ಕೈ ಹಿಂದೆ ಹಾಕಿದರೆ ಜೇಬಿನ ಬಾಯಿಯೇ ಕೈಗೆ ಸಿಗಲಿಲ್ಲ. ಹೇಗೋ ಎಳೆದು ತೆಗೆದೆ. ಪರದೆ ಪೂರ್ತಿ ಒದ್ದೆ. ಬೆರಳು ಒಂದು ಕಡೆ ಒತ್ತಿದರೆ ಅದು ಇನ್ನೊಂದು ಕಡೆ ತೆರೆಯುತ್ತಿತ್ತು. ಒರೆಸಲು ಒಣ ಬಟ್ಟೆ ನನ್ನ ಮೈಮೇಲೆ ಎಲ್ಲೂ ಇರಲಿಲ್ಲ. ಯಾವ ಗಳಿಗೆಗೆ ಬೇಕೆಂದು ಫೋನ್ ಹೊತ್ತುಕೊಂಡು ಬಂದಿದ್ದೆನೋ, ಸರಿಯಾಗಿ ಆ ಗಳಿಗೆಯಲ್ಲೇ ಅದು ಕೆಲಸಕ್ಕೆ ಬರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಈ ಒಂದು ವಿಷಯಕ್ಕೆ.

ಮನೆಗೆ ಬಂದು ಸ್ನಾನಕ್ಕೆ ನಿಂತಾಗ ಬೆನ್ನು ಧಗಧಗ ಉರಿಯಿತು. ಫೋನಿನ ಮೂಲೆ ತಾಗುತ್ತಿದ್ದ ಕಡೆ ಚರ್ಮ ಕಿತ್ತು ಕೆಂಪಗಾಗಿತ್ತು. ಎದೆಯ ಕೆಳಗೂ ಹೊಲಿಗೆಯ ಉದ್ದಕ್ಕೆ ತರಚಿತ್ತು. ರಾತ್ರಿ ಫೋನ್ ಚಾರ್ಜಿಗೆ ಹಾಕಿದರೆ ಒಳಗೆ ತೇವ ಇದೆ ಎಂಬ ಎಚ್ಚರಿಕೆ ಬಂತು. ಒಣಗಿಸಿ ನೋಡಿದೆ, ಕೆಲವು ದಿನ ನಡೆಯಿತು. ಆಮೇಲೆ ಚಾರ್ಜ್ ಆಗುವುದೇ ನಿಂತಿತು. ಸರ್ವಿಸ್ ಸೆಂಟರ್‌ನಲ್ಲಿ ತೆಗೆದು ನೋಡಿ ಪೋರ್ಟ್ ಒಳಗೆ ತುಕ್ಕು ಹಿಡಿದಿದೆ ಅಂದರು. ನೀರಿನಿಂದ ಆದ ಹಾನಿಗೆ ವಾರಂಟಿ ಇಲ್ಲ ಅಂತಲೂ ಹೇಳಿದರು. ಬ್ರಾ ಮಾರಿದವರು ಬಳಸಿದ ಒಳಉಡುಪನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಒಂದೇ ಸಾಲಿನಲ್ಲಿ ಮುಗಿಸಿದರು. ಒಳಉಡುಪಿಗೆ ಆ ನಿಯಮ ಇರುವುದು ಸಹಜ, ನಾನು ಒಪ್ಪುತ್ತೇನೆ. ಆದರೆ ಬೆವರು ತಾಗುವುದಿಲ್ಲ ಎಂದು ಬರೆದದ್ದಕ್ಕೆ ಉತ್ತರ ಕೊಡುವವರು ಯಾರೂ ಇರಲಿಲ್ಲ.

ಇದು ಒಂದು ಕೆಟ್ಟ ಬ್ರಾದ ಕತೆ ಮಾತ್ರ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಜೇಬನ್ನು ಇಡುವ ರೀತಿಯಲ್ಲೇ ತೊಡಕಿದೆ. ಅದನ್ನು ಕೊಳ್ಳುವ ಮೊದಲೇ ಯಾರಾದರೂ ನಮಗೆ ಹೇಳಬೇಕು.

ಮೊದಲು ಭಾರದ ಮಾತು. ಈಗಿನ ಫೋನ್‌ಗಳು ಹೆಚ್ಚುಕಡಿಮೆ 200 ಗ್ರಾಂ ತೂಗುತ್ತವೆ. ಕೈಯಲ್ಲಿ ಹಿಡಿದಾಗ ಅದು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಓಡುವಾಗ ಕಾಲು ನೆಲಕ್ಕೆ ಬಿದ್ದಾಗಲೆಲ್ಲ ನಮ್ಮ ತೂಕದ ಎರಡು, ಎರಡೂವರೆ ಪಟ್ಟು ಒತ್ತಡ ಹುಟ್ಟುತ್ತದೆ. ಬೆನ್ನ ಮೇಲಿನ ಫೋನೂ ಆ ಪೆಟ್ಟಿನಿಂದ ತಪ್ಪಿಸಿಕೊಳ್ಳುವುದಿಲ್ಲ. ನಿಮಿಷಕ್ಕೆ 160-170 ಹೆಜ್ಜೆ ಅಂತ ಹಿಡಿದರೆ ಒಂದು ಗಂಟೆಗೆ ಹತ್ತಿರಹತ್ತಿರ 10,000 ಸಲ. ಅಷ್ಟು ಸಲ ಫೋನ್ ಬಟ್ಟೆಯನ್ನು ಕೆಳಗೆ ಜಗ್ಗುತ್ತದೆ. ಆ ಬಟ್ಟೆಗೆ ಜೋಡಿಸಿರುವ ಪಟ್ಟಿಗಳೇ ನಮ್ಮ ಎದೆಯನ್ನು ಹಿಡಿದಿರಬೇಕಾದವು, ಅಲ್ವಾ?

ಎದೆಯೊಳಗೆ ಅದನ್ನು ಎತ್ತಿ ಹಿಡಿಯುವ ಸ್ನಾಯು ಇಲ್ಲ. ಸ್ನಾಯು ಇರುವುದು ಅದರ ಹಿಂದೆ. ಎದೆಗೆ ಆಸರೆ ಚರ್ಮ, ಮತ್ತೆ ಕೂಪರ್ಸ್ ಲಿಗಮೆಂಟ್ಸ್ ಎಂದು ಕರೆಯುವ ತೆಳುವಾದ ಅಂಗಾಂಶದ ಎಳೆಗಳು. 19ನೇ ಶತಮಾನದ ಇಂಗ್ಲಿಷ್ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಅವರ ಹೆಸರು ಅದಕ್ಕಿದೆ. ಓಡುವಾಗ ಎದೆ ಮೇಲೆ ಕೆಳಗೆ ಮಾತ್ರ ಅಲ್ಲ, ಆಚೆ ಈಚೆಗೂ, ಮುಂದೆ ಹಿಂದೆಗೂ ಅಲುಗುತ್ತದೆ. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ವರ್ಷಗಟ್ಟಲೆ ಅಳೆದು ಅಧ್ಯಯನ ಮಾಡುವ ತಂಡ ಇದೆ. ಹೆಂಗಸರ ಈ ನೋವನ್ನು ಯಾರೋ ಕೂತು ಅಳೆಯುತ್ತಿದ್ದಾರೆ ಎನ್ನುವುದೇ ನನಗೆ ಸಮಾಧಾನದ ವಿಷಯ.

ಸ್ಪೋರ್ಟ್ಸ್ ಬ್ರಾ ಹುಟ್ಟಿದ್ದೇ ಈ ಅಲುಗಾಟ ತಡೆಯಲು. 1977ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಎಂಬ ಮೂವರು ಹೆಂಗಸರು ಆಟವಾಡುವಾಗ ಗಂಡಸರು ಆಸರೆಗೆಂದು ಒಳಗೆ ಹಾಕುವ ಎರಡು ಜಾಕ್‌ಸ್ಟ್ರಾಪ್‌ಗಳನ್ನು ಸೇರಿಸಿ ಹೊಲಿದು ಮೊದಲ ಜಾಗ್‌ಬ್ರಾ ಮಾಡಿದರು. ಲಿಂಡಾಲ್ ಅವರೇ ಓಡುತ್ತಿದ್ದವರು, ನೋವು ಗೊತ್ತಿದ್ದವರು. ಅವರಿಗೆ ಬೇಕಿದ್ದದ್ದು ಎದೆ ಅಲುಗದ, ಭುಜದಿಂದ ಜಾರದ, ಚರ್ಮ ಉಜ್ಜದ ಒಂದು ಬ್ರಾ. ನನ್ನ ಮಟ್ಟಿಗೆ ಇವತ್ತಿಗೂ ನೋಡಬೇಕಾದದ್ದು ಇಷ್ಟೇ. ಜೇಬು ಆಮೇಲಿನ ಮಾತು. ಜೇಬು ಸೇರಿಸಿದ್ದರಿಂದ ಈ ಮೂರರಲ್ಲಿ ಒಂದು ಕೆಟ್ಟರೂ ಆ ಬ್ರಾ ಬೇಡ.

ಇನ್ನು ಬೆವರು. ಇದರ ಬಗ್ಗೆ ತುಂಬ ಜನ ಮೋಸ ಹೋಗುತ್ತಾರೆ. ಫೋನಿಗೆ ನೀರು, ಧೂಳು ತಡೆಯುವ ಪರೀಕ್ಷೆಯ ಐಪಿ68 ದರ್ಜೆ ಇದೆ, ನೀರು ಬಿದ್ದರೂ ಏನೂ ಆಗಲ್ಲ ಅಂತ ನಂಬಿರುತ್ತಾರೆ. ಆ ಪರೀಕ್ಷೆ ನಡೆಯುವುದು ಲ್ಯಾಬ್‌ನಲ್ಲಿ, ಹೊಸ ಫೋನಿನ ಮೇಲೆ, ಉಪ್ಪಿಲ್ಲದ ನೀರಿನಲ್ಲಿ. ಬೆವರಿನಲ್ಲಿ ಉಪ್ಪಿದೆ. ಫೋನ್ ಹಳೆಯದಾದಂತೆ, ಒಂದೆರಡು ಸಲ ಬಿದ್ದಂತೆ, ನೀರು ತಡೆಯುವ ಅಂಚುಗಳು ಸಡಿಲವಾಗುತ್ತವೆ. ಉಪ್ಪು ನೀರು ಕೂತ ಪೋರ್ಟಿಗೆ ಚಾರ್ಜರ್ ಚುಚ್ಚಿದರೆ ಕರೆಂಟ್ ಸೇರಿ ಲೋಹದ ತುದಿಗಳು ಬೇಗ ಹಾಳಾಗುತ್ತವೆ. ಅದಕ್ಕೆ ಓಟ ಮುಗಿದ ತಕ್ಷಣ ಚಾರ್ಜಿಗೆ ಹಾಕಲೇಬೇಡಿ. ಪೋರ್ಟ್ ಕೆಳಮುಖ ಮಾಡಿ ಗಾಳಿಗೆ ಇಡಿ, ಪೂರ್ತಿ ಒಣಗಲಿ. ಬಿಸಿಯೂ ಸಣ್ಣ ವಿಷಯ ಅಲ್ಲ. ಐಫೋನ್ ಬಳಸಲು ಆ್ಯಪಲ್ ಹೇಳುವ ಸುತ್ತಲಿನ ತಾಪಮಾನ 0ಯಿಂದ 35 ಡಿಗ್ರಿ ಸೆಲ್ಸಿಯಸ್. ಬಿಸಿಲಲ್ಲಿ ಓಡುತ್ತಿರುವ ಮೈಗೆ ಒತ್ತಿಕೊಂಡು, ಗಾಳಿಯಾಡದ ಜೇಬಿನಲ್ಲಿ, ಮ್ಯಾಪ್ ಮತ್ತು ಹಾಡು ಎರಡೂ ನಡೆಸುತ್ತಿರುವ ಫೋನಿನ ಸುತ್ತಲಿನ ಬಿಸಿ ಆ ಗಡಿ ದಾಟುವುದು ಕಷ್ಟವೇನಲ್ಲ.

ಜೇಬಿನ ಒಳಪದರಕ್ಕೆ ನೀರು ತಡೆಯುವ ಬಟ್ಟೆ ಇದೆಯಾ ಎಂದು ಕೈ ಹಾಕಿ ನೋಡಿ. ಬರೀ ಇನ್ನೊಂದು ಪದರ ಬಲೆಬಟ್ಟೆ ಇದ್ದರೆ ಅದು ಬೆವರನ್ನು ತಡೆಯುವುದಿಲ್ಲ, ಹೀರಿ ಫೋನಿಗೆ ಮುಟ್ಟಿಸುತ್ತದೆ. ನನ್ನ ಬ್ರಾದಲ್ಲಿ ಇದ್ದದ್ದು ಇದೇ. ಹಾಗಂತ ಪ್ಲಾಸ್ಟಿಕ್‌ನಂಥ ಪದರ ಪೂರ್ತಿ ಬೆನ್ನು ಮುಚ್ಚಿದರೆ ಅದರ ಕೆಳಗೆ ಚರ್ಮ ಒದ್ದೆಯಾಗಿಯೇ ಉಳಿಯುತ್ತದೆ. ಒದ್ದೆ ಚರ್ಮ ಬೇಗ ತರಚುತ್ತದೆ. ಹೀಗಾಗಿ ಜೇಬಿನ ಒಳಗೋಡೆ ಮಾತ್ರ ನೀರು ತಡೆದು, ಉಳಿದ ಬೆನ್ನು ಗಾಳಿಯಾಡುವಂತಿದ್ದರೆ ಒಳ್ಳೆಯದು. ಯಾವ ಜೇಬಾದರೂ ಇರಲಿ, ಫೋನನ್ನು ಒಂದು ತೆಳುವಾದ ಝಿಪ್ ಲಾಕ್ ಕವರ್‌ಗೆ ಹಾಕಿಯೇ ಇಡಿ. ಪರದೆ ಆ ಕವರ್ ಮೇಲಿಂದಲೇ ಸಾಮಾನ್ಯವಾಗಿ ಕೆಲಸ ಮಾಡುತ್ತದೆ.

ಜೇಬು ಎಲ್ಲಿದೆ ಎನ್ನುವುದೂ ಮುಖ್ಯ. ಬೆನ್ನಿನ ಜೇಬಿನಲ್ಲಿ ಫೋನ್ ಚಪ್ಪಟೆಯಾಗಿ ಕೂರುತ್ತದೆ, ಎದೆಗೆ ಅಡ್ಡ ಬರುವುದಿಲ್ಲ. ಆದರೆ ಓಡುತ್ತಾ ತೆಗೆಯಲು ಆಗಲ್ಲ, ಬೆನ್ನ ಮೇಲೆ ಬಿದ್ದರೆ ಗಟ್ಟಿ ವಸ್ತು ಬೆನ್ನೆಲುಬಿಗೇ ತಾಗುತ್ತದೆ. ಬ್ಲೂಟೂತ್ ಅಲೆಗಳನ್ನು ನಮ್ಮ ಮೈಯಲ್ಲಿರುವ ನೀರು ಹೀರಿಕೊಳ್ಳುತ್ತದೆ, ಹಾಗಾಗಿ ಇಯರ್‌ಬಡ್ಸ್‌ನಲ್ಲಿ ಹಾಡು ತುಂಡು ತುಂಡಾಗಿ ಕೇಳುವುದೂ ಉಂಟು. ಎದೆ ನಡುವಿನ ಜೇಬು ಕೈಗೆ ಸುಲಭ, ಆದರೆ ಅಲ್ಲಿ ಬೆವರು ಜಾಸ್ತಿ. ಅದು ಕೀಗೆ, ಒಂದು ಎನರ್ಜಿ ಜೆಲ್‌ಗೆ ಸಾಕು, ಫೋನಿಗೆ ಅಲ್ಲ. ಕಂಕುಳ ಪಕ್ಕದ ಜೇಬಿನಲ್ಲಿ ದೊಡ್ಡ ಫೋನ್ ಇಟ್ಟರೆ ಬೀಸುವ ತೋಳು ಅದಕ್ಕೆ ಉಜ್ಜುತ್ತಲೇ ಇರುತ್ತದೆ.

ಕೀ ಕೂಡ ಹಾಗೇ ಹಾಕಬೇಡಿ. ನಿಕ್ಕಲ್ ಲೋಹ ಒಗ್ಗದ ಚರ್ಮ ಎಷ್ಟೋ ಜನರಿಗಿದೆ, ಬೆವರು ಸೇರಿದರೆ ತುರಿಕೆ ಬೇಗ ಏಳುತ್ತದೆ. ಕಾರಿನ ರಿಮೋಟ್ ಕೀ ಒಳಗೂ ಬ್ಯಾಟರಿ ಇದೆ, ಅದಕ್ಕೂ ತೇವ ಒಳ್ಳೆಯದಲ್ಲ. ಬಿಗಿ ಜೇಬು ಫೋನಿನ ಪಕ್ಕದ ಬಟನ್ ಒತ್ತುತ್ತದೆ ಎನ್ನುವುದನ್ನೂ ನೆನಪಿಡಿ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಪವರ್ ಬಟನ್ ಬೇಗ ಬೇಗ 5 ಸಲ ಒತ್ತಿದರೆ ತುರ್ತು ಕರೆಯೇ ಹೋಗುತ್ತದೆ. ಆ ಸೌಲಭ್ಯ ಆಫ್ ಮಾಡಿ ಎಂದು ನಾನು ಹೇಳುವುದಿಲ್ಲ, ಒಂಟಿಯಾಗಿ ಓಡುವವರಿಗೆ ಅದು ಬೇಕು. ಬಟನ್ ಇರುವ ಅಂಚು ಹೊಲಿಗೆಗೆ ಒತ್ತದಂತೆ ಫೋನ್ ತಿರುಗಿಸಿ ಇಡಿ.

ಒಂದು ವಿಷಯವನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮಗಾಗಲಿ ನಿಮ್ಮ ಜೊತೆ ಓಡುವವರಿಗಾಗಲಿ ಎದೆಯಲ್ಲಿ ಹೃದಯದ ಬಡಿತ ಸರಿಪಡಿಸುವ ಪೇಸ್‌ಮೇಕರ್ ಅಥವಾ ಡಿಫಿಬ್ರಿಲೇಟರ್ ಇದ್ದರೆ ಎದೆಯ ಜೇಬಿನಲ್ಲಿ ಫೋನ್ ಇಡಲೇಬಾರದು. ಐಫೋನ್ 12ರಿಂದ ಈಚೆಗೆ ಕೆಲವು ಫೋನ್‌ಗಳ ಹಿಂಬದಿಯಲ್ಲಿ ಬಲವಾದ ಆಯಸ್ಕಾಂತ ಇದೆ. ಇಂಥ ಸಾಧನಗಳಿಂದ ಫೋನನ್ನು ಕನಿಷ್ಠ 15 ಸೆಂಟಿಮೀಟರ್ ದೂರ ಇಡಿ ಎಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಸಲಹೆ ಕೊಟ್ಟಿದೆ. ಜೇಬಿನ ಬ್ರಾ ಮಾರುವ ವಿವರಣೆಗಳಲ್ಲಿ ಈ ಮಾತು ನನ್ನ ಕಣ್ಣಿಗೆ ಒಮ್ಮೆಯೂ ಬಿದ್ದಿಲ್ಲ.

ಹಾಗಾದರೆ ಕೊಳ್ಳುವುದು ಹೇಗೆ? ಮೊದಲು ಜೇಬನ್ನು ಮರೆತು ಬ್ರಾ ನೋಡಿ. ಎದೆಯ ಕೆಳಗಿನ ಪಟ್ಟಿ ಸುತ್ತಲೂ ಒಂದೇ ಮಟ್ಟದಲ್ಲಿ ಇರಬೇಕು, ಕೆಳಗೆ ಎರಡು ಬೆರಳು ಬಿಗಿಯಾಗಿ ತೂರಬೇಕು. ಆಳವಾಗಿ ಉಸಿರು ಎಳೆದಾಗ ಪಕ್ಕೆಲುಬು ಕಟ್ಟಿಹಾಕಿದಂತೆ ಅನ್ನಿಸಬಾರದು. ಫೋನ್ ಅಲುಗದಿರಲಿ ಎಂದು ಒಂದು ಸೈಜ್ ಚಿಕ್ಕದು ತೆಗೆದುಕೊಳ್ಳಿ ಎಂಬ ಸಲಹೆ ಸಿಗುತ್ತದೆ. ಕೇಳಬೇಡಿ. ಅದರಿಂದ ಉಸಿರು ಕಟ್ಟುತ್ತದೆ, ಚರ್ಮ ಕೊರೆಯುತ್ತದೆ. ಹಿಂದೆ ಹುಕ್ ಇದ್ದರೆ ಹೊಸದರಲ್ಲಿ ಅತಿ ಸಡಿಲ ಸಾಲಿಗೆ ಸರಿ ಹೊಂದಬೇಕು. ಬಟ್ಟೆ ಹಿಗ್ಗಿದ ಮೇಲೆ ಒಳಸಾಲಿಗೆ ಹೋಗಲು ಜಾಗ ಉಳಿಯುತ್ತದೆ.

ಬ್ರಾ ಸರಿ ಕಂಡರೆ ಆಮೇಲೆ ಜೇಬು ತುಂಬಿಸಿ. ಖಾಲಿ ಜೇಬು ಏನನ್ನೂ ಹೇಳುವುದಿಲ್ಲ. ನಿಮ್ಮದೇ ಫೋನ್, ಕವರ್ ಸಮೇತ ಹಾಕಿ. ಟ್ಯಾಗ್ ಕೀಳದೆ, ತೆಳುವಾದ ಬನಿಯನ್ ಮೇಲೆ ಹಾಕಿಕೊಂಡು ಇದ್ದಲ್ಲೇ ಒಂದೆರಡು ನಿಮಿಷ ಓಡಿ. ಜಿಗಿಯಿರಿ. ಬಗ್ಗಿ ಲೇಸ್ ಕಟ್ಟಿ, ಫೋನ್ ಜಾರುತ್ತದಾ ನೋಡಿ. ಕನ್ನಡಿಯಲ್ಲಿ ಬೆನ್ನ ಪಟ್ಟಿ ಮೇಲೇರಿತಾ ಕೆಳಗಿಳಿಯಿತಾ ನೋಡಿ. ಒಂದೇ ಕೈಯಲ್ಲಿ, ಯಾರ ಸಹಾಯವೂ ಇಲ್ಲದೆ ಫೋನ್ ತೆಗೆದು, ಮತ್ತೆ ಒಳಗಿಡಲು ಆಗುತ್ತದಾ ನೋಡಿ. ಬನಿಯನ್ ಮೇಲೆ ಅಳತೆ ಸ್ವಲ್ಪ ಬಿಗಿ ಅನ್ನಿಸಬಹುದು, ಆದರೆ ಜೇಬಿನ ಜಗ್ಗಾಟ ಅಷ್ಟರಲ್ಲೇ ಗೊತ್ತಾಗುತ್ತದೆ. ಆನ್‌ಲೈನ್ ಆದರೆ ಆರ್ಡರ್ ಮಾಡುವ ಮುಂಚೆಯೇ ವಾಪಸ್ ನಿಯಮ ಓದಿ. ವಿಮರ್ಶೆ ಓದುವಾಗ ಬಂದ ದಿನವೇ ಐದು ಸ್ಟಾರ್ ಕೊಟ್ಟವರನ್ನು ಬಿಟ್ಟು, ತಿಂಗಳುಗಟ್ಟಲೆ ಒಗೆದು ಹಾಕಿಕೊಂಡವರು ಏನು ಹೇಳುತ್ತಾರೆ ಎಂದು ಹುಡುಕಿ.

ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡ, ಡ್ರೈಯರ್ ಬೇಡ. ಎರಡೂ ಎಲಾಸ್ಟಿಕ್‌ಗೆ ಕೆಡುಕು, ಸಾಫ್ಟ್‌ನರ್ ಬೆವರು ಹೀರುವ ಗುಣವನ್ನೂ ಕೆಡಿಸುತ್ತದೆ. ಭಾರ ಹೊರುವ ಬ್ರಾ ಉಳಿದವಕ್ಕಿಂತ ಬೇಗ ಸಡಿಲವಾಗುತ್ತದೆ, ಆದ್ದರಿಂದ ಆಗಾಗ ಅದೇ ಜಿಗಿತದ ಪರೀಕ್ಷೆ ಮಾಡಿ. ತರಚುವ ಜಾಗಕ್ಕೆ ಓಟಕ್ಕೆ ಮುಂಚೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಉಜ್ಜಾಟ ಕಡಿಮೆಯಾಗುತ್ತದೆ. ಗಾಯವಾಗಿ ಕೀವು ಕಂಡರೆ ಡಾಕ್ಟರಿಗೆ ತೋರಿಸಿ.

ಈಗಾಗಲೇ ಇಂಥ ಬ್ರಾ ಕೊಂಡು ಪರದಾಡುತ್ತಿದ್ದರೆ ಎಸೆಯಬೇಕಿಲ್ಲ. ಜೇಬಿಗೆ ಕವರ್‌ನಲ್ಲಿ ಸುತ್ತಿದ ಒಂದು ಕೀ, ಮಡಚಿದ ಒಂದು ನೋಟು, ಮನೆಯವರ ನಂಬರ್ ಬರೆದ ಚೀಟಿ ಇಷ್ಟೇ ಹಾಕಿ. ಫೋನನ್ನು ತೊಡೆಯ ಪಕ್ಕ ಬಿಗಿ ಜೇಬಿರುವ ಶಾರ್ಟ್ಸ್‌ಗೋ, ಬೆನ್ನಿಗೆ ಅಂಟುವ ರನ್ನಿಂಗ್ ವೆಸ್ಟ್‌ಗೋ ವರ್ಗಾಯಿಸಿ. ನಾನು ಈಗ ಓಡುವುದು ವೆಸ್ಟ್ ಹಾಕಿಕೊಂಡೇ. ಅದರ ಮುಂಭಾಗದ ಝಿಪ್ ಜೇಬಿನಲ್ಲಿ ಫೋನ್ ಇರುತ್ತದೆ, ಜೊತೆಗೆ ಪರದೆ ಒರೆಸಲು ಒಂದು ತುಂಡು ಒಣ ಬಟ್ಟೆ, ಅದೂ ಪ್ಲಾಸ್ಟಿಕ್ ಕವರ್‌ನೊಳಗೆ.